ಇಳಿಯದ ಜ್ವರ: ವೈದ್ಯರಿಗೆ ಊರಿನ ಸುದ್ದಿಯೂ ತಿಳಿಯಲಿ

ಮನೆಯಲ್ಲಿ ಪುಟ್ಟ ಮಗುವಿಗೆ ಜ್ವರ ಬಂದರೆ ಮೊದಲ ಎರಡು ದಿನ ಯಾರೂ ಅಷ್ಟಾಗಿ ಹೆದರುವುದಿಲ್ಲ. ಹವೆ ಬದಲಾಗಿದೆ, ಹಲ್ಲು ಬರುತ್ತಿದೆ, ಬಾಲವಾಡಿಯಲ್ಲಿ ಯಾರಿಂದಲೋ ತಗಲಿದೆ ಎಂಬ ಸಮಾಧಾನ ಇರುತ್ತದೆ. ಐದನೆಯ ದಿನವೂ ಮೈ ಸುಡುತ್ತಿದ್ದರೆ, ಎಂಟನೆಯ ದಿನ ಕೈಗೆ ಬಂದ ರಕ್ತದ ವರದಿಯಲ್ಲಿ ಏನೂ ಸಿಗದಿದ್ದರೆ ಹೆತ್ತವರ ಜಂಘಾಬಲವೇ ಉಡುಗುತ್ತದೆ. ಹೆಸರಿರುವ ರೋಗಕ್ಕಿಂತ ಹೆಸರಿಲ್ಲದ ಜ್ವರವೇ ಮನೆಯವರನ್ನು ಹೆಚ್ಚು ಕಾಡುತ್ತದೆ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದಂಥ ನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಪಾಲಿಗೆ ಈ ಸಂಕಟ ಇನ್ನಷ್ಟು ಭಾರವಾದುದು.

ನಾಸಿಕ್‌ಗೆ ಕನ್ನಡಿಗರು ಬಂದ ದಾರಿಗಳು ಹಲವು. ಕರಾವಳಿಯಿಂದ ಹೋಟೆಲ್ ಉದ್ಯಮಕ್ಕೆ ಬಂದವರು, ಓಝರ್‌ನ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಗೆ ಬಂದವರು, ದೇವಳಾಲಿಯ ಸೇನಾ ನೆಲೆಗೆ ವರ್ಗವಾಗಿ ಬಂದವರು, ಸಾತ್‌ಪುರ, ಅಂಬಡ್ ಕೈಗಾರಿಕಾ ವಲಯದಲ್ಲಿ ದುಡಿಯುವವರು ಇಲ್ಲಿದ್ದಾರೆ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಸಂಭಾಜಿನಗರದಲ್ಲೂ ವಾಳೂಜ್, ಚಿಕಲ್‌ಠಾಣಾ ವಲಯಗಳ ಕಾರ್ಖಾನೆಗಳು, ಹೋಟೆಲುಗಳು ಹೊರಗಿನವರಿಗೆ ಅನ್ನ ಕೊಟ್ಟಿವೆ. ಮುಂಬಯಿಯಲ್ಲಾದರೆ ಪಕ್ಕದ ಕಟ್ಟಡದಲ್ಲೇ ಊರಿನ ನೆಂಟರು ಸಿಗಬಹುದು. ಇಲ್ಲಿ ಹಾಗಲ್ಲ. ಗಂಡ ಹೋಟೆಲಿನಿಂದ ಮರಳುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಅಜ್ಜಿ, ದೊಡ್ಡಮ್ಮ ಊರಿನಲ್ಲಿರುತ್ತಾರೆ. ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗು ಮಾಡುವವಳು ತಾಯಿಯೊಬ್ಬಳೇ.

ಈ ಒಂಟಿತನದಲ್ಲಿ ಆಗುವ ತಪ್ಪುಗಳಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಅವನ್ನು ತಿಳಿದುಕೊಳ್ಳುವುದು ಅಗತ್ಯ. ಮೊದಲನೆಯದು, ಎರಡು ದಿನಕ್ಕೊಬ್ಬ ಡಾಕ್ಟರರನ್ನು ಬದಲಿಸುವುದು. ಪ್ರತಿ ದವಾಖಾನೆಯಲ್ಲೂ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಿಂದಿನ ಚೀಟಿ ಮನೆಯಲ್ಲೇ ಉಳಿದಿರುತ್ತದೆ. ಎರಡನೆಯದು, ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್ ಸಿರಪ್ಪನ್ನೇ ಕುಡಿಸುವುದು ಅಥವಾ ಔಷಧ ಅಂಗಡಿಯವರನ್ನೇ ಕೇಳಿ ತರುವುದು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ, ಮಾರಿದ್ದನ್ನು ಅಂಗಡಿಯ ಪುಸ್ತಕದಲ್ಲಿ ದಾಖಲಿಸುವಂತೆ ಕೇಂದ್ರ ಸರಕಾರ 2013ರಲ್ಲಿ ‘ಎಚ್ 1’ ಎಂಬ ಪಟ್ಟಿಯನ್ನೇ ಮಾಡಿತು. ಇದು ಬರೀ ಕಾನೂನಿನ ಮಾತಲ್ಲ. ಟೈಫಾಯ್ಡ್ ಇದೆಯೇ ಎಂದು ನಂಬಿಕೆಯಿಂದ ಹೇಳಬಲ್ಲದ್ದು ರಕ್ತದ ಕಲ್ಚರ್ ಪರೀಕ್ಷೆ. ಅರ್ಧಂಬರ್ಧ ಆ್ಯಂಟಿಬಯಾಟಿಕ್ ಹೊಟ್ಟೆಗೆ ಹೋಗಿದ್ದರೆ ಆ ಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಜ್ವರ ಪೂರ್ತಿ ಹೋಗುವುದೂ ಇಲ್ಲ, ಕಾರಣ ಸಿಗುವುದೂ ಇಲ್ಲ. ಬಹಳ ಕಡೆ ಮಾಡಿಸುವ ವಿಡಾಲ್ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿಸಿ ಅದನ್ನೇ ನಂಬಿ ಟೈಫಾಯ್ಡ್ ಎಂದು ತೀರ್ಮಾನಿಸುವುದೂ ಸರಿಯಲ್ಲ.

ಕಾರಣ ತಿಳಿಯದ ಜ್ವರ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. 1961ರಲ್ಲಿ ಅಮೆರಿಕದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ವೈದ್ಯರು ಇದಕ್ಕೊಂದು ವ್ಯಾಖ್ಯೆ ಕೊಟ್ಟರು: ಮೂರು ವಾರ ಮೀರಿದ, ಒಂದು ವಾರ ಆಸ್ಪತ್ರೆಯಲ್ಲಿಟ್ಟು ಪರೀಕ್ಷಿಸಿದರೂ ಮೂಲ ಸಿಗದ ಜ್ವರ. ಮಕ್ಕಳ ವಿಷಯದಲ್ಲಿ ಅಷ್ಟು ದಿನ ಕಾಯುವುದಿಲ್ಲ. ಏಳು ದಿನ ಮೀರಿ ದಿನವೂ ಜ್ವರ ಬರುವ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಸಮಾಧಾನದ ಸಂಗತಿಯೆಂದರೆ, ಇಂಥ ಜ್ವರಗಳ ಹಿಂದೆ ಹೆಚ್ಚಾಗಿ ಇರುವುದು ಯಾರೂ ಕೇಳರಿಯದ ರೋಗವಲ್ಲ. ಟೈಫಾಯ್ಡ್, ಮಲೇರಿಯಾ, ಕ್ಷಯ, ಮೂತ್ರದ ಸೋಂಕು ಇಂಥ ಪರಿಚಿತ ಕಾಯಿಲೆಗಳೇ ಗುರುತು ಸಿಗದ ವೇಷದಲ್ಲಿ ಬಂದಿರುತ್ತವೆ. ಸಣ್ಣ ಮಗುವಿಗೆ ಮೂತ್ರದ ಸೋಂಕಾದರೆ ಜ್ವರ ಬಿಟ್ಟು ಬೇರೆ ಲಕ್ಷಣವೇ ಇಲ್ಲದಿರಬಹುದು. ಒಂದು ಮೂತ್ರ ಪರೀಕ್ಷೆಯಿಂದ ಗುಟ್ಟು ಬಯಲಾಗುತ್ತದೆ. ಕೊನೆಯವರೆಗೂ ಕಾರಣ ತಿಳಿಯದೆ, ಜ್ವರ ತಾನಾಗಿ ಇಳಿದು ಮಕ್ಕಳು ಚೇತರಿಸಿಕೊಳ್ಳುವುದೂ ಉಂಟು.

ಇಲ್ಲಿಯೇ ಹೊರನಾಡ ಕನ್ನಡಿಗರು ಗಮನಿಸಬೇಕಾದ ವಿಶೇಷ ಸಂಗತಿಯೊಂದಿದೆ. ಇವರ ಮಕ್ಕಳಿಗೆ ಎರಡು ಊರು. ಮೇ ತಿಂಗಳ ರಜೆ, ಅಷ್ಟಮಿ, ದೀಪಾವಳಿ, ಮನೆದೈವದ ಕೋಲ, ಮದುವೆ ಎಂದು ವರ್ಷಕ್ಕೊಮ್ಮೆಯಾದರೂ ತವರೂರಿಗೆ ಹೋಗಿ ಬರುತ್ತಾರೆ. ಆದರೆ ನಾಸಿಕ್‌ನ ಡಾಕ್ಟರರ ಮುಂದೆ ಕುಳಿತಾಗ ಆ ಮಾತು ನೆನಪಿಗೇ ಬರುವುದಿಲ್ಲ. ಊರಿಗೆ ಹೋಗಿ ಬಂದು ಎರಡು ತಿಂಗಳಾಯಿತು, ಈಗಿನ ಜ್ವರಕ್ಕೂ ಅದಕ್ಕೂ ಏನು ಸಂಬಂಧ ಎನಿಸುವುದು ಸಹಜವೇ. ಸಂಬಂಧ ಇರಬಹುದು. ವೈವಾಕ್ಸ್ ಜಾತಿಯ ಮಲೇರಿಯಾ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕುಳಿತು ವಾರಗಳ, ತಿಂಗಳುಗಳ ಬಳಿಕವೂ ಜ್ವರ ತರಬಲ್ಲದು. ಮಲೇರಿಯಾಕ್ಕೆ ಮಂಗಳೂರು ಬಹುಕಾಲ ಹೆಸರಾಗಿತ್ತು. ಹಟ್ಟಿಯಲ್ಲಿ ಕರೆದ ಹಾಲನ್ನು ಕಾಯಿಸದೆ ಕುಡಿದರೆ ಬ್ರೂಸೆಲ್ಲೋಸಿಸ್ ಎಂಬ ದೀರ್ಘ ಜ್ವರ ಬರಬಹುದು. ಪೊದೆ, ಹುಲ್ಲುಗಾವಲಿನಲ್ಲಿ ಆಡಿದ ಮಗುವಿಗೆ ಸಣ್ಣ ಹುಳು ಕಚ್ಚಿ ಸ್ಕ್ರಬ್ ಟೈಫಸ್ ಬರಬಹುದು. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗದಲ್ಲಿ ಸುಟ್ಟ ಗಾಯದಂಥ ಕಪ್ಪು ಕಲೆ ಇದೆಯೇ ಎಂದು ಹುಡುಕಿದರೆ ಇದರ ಸುಳಿವು ಸಿಗುವುದುಂಟು. ಈ ರೋಗ ಮಹಾರಾಷ್ಟ್ರದಲ್ಲೂ ಇದೆ. 2018ರಲ್ಲಿ ನಾಗಪುರ ಭಾಗದಲ್ಲಿ ಬಹಳಷ್ಟು ಮಂದಿಯನ್ನು ಕಾಡಿತ್ತು. ಗುರುತು ಸಿಕ್ಕರೆ ಇದರ ಔಷಧ ದುಬಾರಿಯೇನಲ್ಲ.

ಹೆಸರಿಲ್ಲದ ಜ್ವರಕ್ಕೆ ಹೆಸರು ಸಿಕ್ಕಿದ್ದು ಹೇಗೆ ಎಂಬುದಕ್ಕೆ ಕರ್ನಾಟಕವನ್ನೂ ಮಹಾರಾಷ್ಟ್ರವನ್ನೂ ಬೆಸೆಯುವ ಚರಿತ್ರೆಯೊಂದು ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ತಾಲೂಕುಗಳ ಹಳ್ಳಿಗಳಲ್ಲಿ ಜನ ವಿಚಿತ್ರ ಜ್ವರದಿಂದ ಮಲಗಿದರು. ಮೊದಲಿಗೆ ಅದನ್ನು ಟೈಫಾಯ್ಡ್‌ನಂಥದ್ದು ಎಂದುಕೊಳ್ಳಲಾಗಿತ್ತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಈ ಎರಡು ಸುದ್ದಿಗಳನ್ನು ಜೋಡಿಸಿ ನೋಡಿದ ಮೇಲೆಯೇ ದಾರಿ ತೆರೆಯಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸನ್ನು ಪತ್ತೆ ಹಚ್ಚಿದರು. ಅದು ಹರಡುವುದು ಉಣುಗಿನಿಂದ ಎಂದು ತಿಳಿಯಿತು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರೇ ರೋಗಕ್ಕೂ ಬಂತು. ಜನ ಅದನ್ನು ಮಂಗನ ಕಾಯಿಲೆ ಎಂದರು. ಪುಣೆಯ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗಗಳು ಸತ್ತ ಮಾತನ್ನು ಯಾರೂ ಹೇಳದೆ ಇದ್ದಿದ್ದರೆ ಆ ಜ್ವರ ಇನ್ನೆಷ್ಟು ದಿನ ಟೈಫಾಯ್ಡ್ ಹೆಸರಿನಲ್ಲೇ ಉಳಿಯುತ್ತಿತ್ತೋ. ಪ್ರಯೋಗಾಲಯ ಎಷ್ಟೇ ದೊಡ್ಡದಿರಲಿ, ಎಲ್ಲಿ ಹುಡುಕಬೇಕು ಎಂಬ ಸುಳಿವು ಸಿಕ್ಕುವುದು ಜನರ ಬಾಯಿಂದಲೇ.

ಆ ಮಾತು ಡಾಕ್ಟರರನ್ನು ತಲುಪುವಲ್ಲಿ ಭಾಷೆ ಅಡ್ಡ ಬರುತ್ತದೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ ತಾಯಿಗೆ ಊರು ಬಿಟ್ಟ ಹೊಸತರಲ್ಲಿ ಹಿಂದಿಯೇ ಕಷ್ಟ. ಮರಾಠಿ ದೂರದ ಮಾತು. ಚಳಿ ಹಿಡಿದು ಜ್ವರ ಬರುತ್ತದೆ, ಹಗಲಿಡೀ ಆಡಿಕೊಂಡಿದ್ದು ಸಂಜೆಗೆ ಮೈ ಬಿಸಿಯಾಗುತ್ತದೆ, ನಡುವೆ ಎರಡು ದಿನ ಬಿಟ್ಟಿತ್ತು ಎಂಬ ವಿವರಗಳೆಲ್ಲ ‘ಬುಖಾರ್ ಹೈ’ ಎಂಬ ಎರಡು ಪದಗಳಲ್ಲಿ ಕರಗಿಹೋಗುತ್ತವೆ. ಚಳಿ ಹಿಡಿದು ಬರುವ ಜ್ವರಕ್ಕೆ ಮರಾಠಿಯಲ್ಲಿ ‘ಥಂಡಿ ವಾಜೂನ್ ತಾಪ್’ ಎನ್ನುತ್ತಾರೆ. ಇಷ್ಟನ್ನು ಹೇಳಿಕೊಡಬಲ್ಲ ಒಬ್ಬರು ಜತೆಯಲ್ಲಿದ್ದರೆ ಮಲೇರಿಯಾ ಪರೀಕ್ಷೆ ಮೊದಲ ದಿನವೇ ಆಗಬಹುದು.

ಅದಕ್ಕಾಗಿ ಪ್ರತಿ ಮನೆಯಲ್ಲೂ ಮಗುವಿನ ಹೆಸರಿನಲ್ಲಿ ಒಂದು ನೋಟ್‌ಬುಕ್ ಇರಲಿ. ಜ್ವರ ಶುರುವಾದ ತಾರೀಕು, ದಿನಕ್ಕೆ ಮೂರು ನಾಲ್ಕು ಸಲ ಥರ್ಮಾಮೀಟರಿನಲ್ಲಿ ನೋಡಿದ ಡಿಗ್ರಿ ಮತ್ತು ಗಂಟೆ, ಕೊಟ್ಟ ಔಷಧದ ಹೆಸರು ಮತ್ತು ಪ್ರಮಾಣ ಬರೆದಿಡಬೇಕು. ಕಳೆದ ಆರು ತಿಂಗಳಲ್ಲಿ ಹೋಗಿ ಬಂದ ಊರುಗಳು, ಮನೆಯಲ್ಲಿ ಅಥವಾ ಪಕ್ಕದ ಕೋಣೆಯಲ್ಲಿ ವಾರಗಟ್ಟಲೆ ಕೆಮ್ಮುತ್ತಿರುವವರು, ಸಾಕುಪ್ರಾಣಿಗಳು, ಹಾಕಿಸಿದ ಲಸಿಕೆ, ಇವೂ ಅದರಲ್ಲಿರಲಿ. ಹೋಟೆಲಿನ ಕೆಲಸದವರು ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವಲ್ಲಿ ದೊಡ್ಡವರ ಕೆಮ್ಮು ಮಗುವಿನ ಕ್ಷಯಕ್ಕೆ ಮೂಲವಾಗಬಹುದು. ಎಲ್ಲ ಚೀಟಿ, ವರದಿಗಳನ್ನು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಡುವುದು ಒಳ್ಳೆಯದು. ನಾಸಿಕ್‌ನಲ್ಲಿ ತೋರಿಸಿದ ಮಗುವನ್ನು ಸಂಬಂಧಿಕರಿದ್ದಾರೆಂದು ಸಂಭಾಜಿನಗರಕ್ಕೆ ಕರೆದೊಯ್ದರೆ, ಅಥವಾ ಗಾಬರಿಯಿಂದ ರಾತ್ರೋರಾತ್ರಿ ಊರಿನ ಬಸ್ಸು ಹತ್ತಿದರೆ, ಅಲ್ಲಿನ ಡಾಕ್ಟರರಿಗೆ ಆ ಫೈಲೇ ದಾರಿ ತೋರಬೇಕು.

ಮನೆಯ ಆರೈಕೆಯಲ್ಲೂ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಸಿರಪ್ ಎಲ್ಲವೂ ಒಂದೇ ಅಲ್ಲ. 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ ಇರುವ ಬಾಟಲಿಯೂ ಇದೆ, 250 ಮಿ.ಗ್ರಾಂ ಇರುವುದೂ ಇದೆ. ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 15 ಮಿ.ಗ್ರಾಂ. ಹಾಗಾಗಿ 10 ಕಿಲೋ ತೂಕದ ಮಗುವಿಗೆ ಮೊದಲನೆಯದರಲ್ಲಿ 6 ಮಿ.ಲೀ. ಆದರೆ ಎರಡನೆಯದರಲ್ಲಿ 3 ಮಿ.ಲೀ. ಮಾತ್ರ. ಬಾಟಲಿ ಬದಲಾದಾಗ ಅಳತೆ ಬದಲಾಯಿಸದಿದ್ದರೆ ಔಷಧ ಇಮ್ಮಡಿಯಾಗಿಬಿಡುತ್ತದೆ. ನಿಮೆಸುಲೈಡ್ ಔಷಧವನ್ನು 12 ವರ್ಷದ ಕೆಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರಕಾರ 2011ರಲ್ಲೇ ನಿಷೇಧಿಸಿದೆ. ಕಂಬಳಿ ಹೊದೆಸಿ ಬೆವರು ಬರಿಸುವುದು, ಮಂಜುಗಡ್ಡೆಯ ನೀರಿನಲ್ಲಿ ಒರೆಸುವುದು ಬೇಡ. ಗಂಜಿತಿಳಿ, ಎಳನೀರು, ತಾಯಿಯ ಹಾಲು ಪದೇ ಪದೇ ಕೊಟ್ಟರೆ ಸಾಕು.

ಕೆಲವು ಲಕ್ಷಣಗಳು ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯಬಾರದು. ಮೂರು ತಿಂಗಳ ಒಳಗಿನ ಕೂಸಿಗೆ 100.4 ಡಿಗ್ರಿ ಜ್ವರ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಮೊಲೆ ಕುಡಿಯದಿರುವುದು, ಏದುಸಿರು, ಏಳೆಂಟು ಗಂಟೆ ಮೂತ್ರ ಆಗದಿರುವುದು, ಮೈಮೇಲೆ ರಕ್ತದ ಚುಕ್ಕೆ, ಇವು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ಐದು ದಿನ ಬಿಡದ ಜ್ವರದೊಂದಿಗೆ ಕಣ್ಣು ಕೆಂಪು, ತುಟಿ ಒಡೆದು ಕೆಂಪು, ಕೈಕಾಲು ಊತ, ಮೈಮೇಲೆ ದದ್ದು ಇದ್ದರೆ ಕಾವಾಸಾಕಿ ಕಾಯಿಲೆಯನ್ನು ನೆನೆಯಬೇಕು. 1967ರಲ್ಲಿ ಇದನ್ನು ವಿವರಿಸಿದ ಜಪಾನಿನ ಮಕ್ಕಳ ತಜ್ಞ ತೊಮಿಸಾಕು ಕಾವಾಸಾಕಿ ಅವರ ಹೆಸರೇ ಅದಕ್ಕಿದೆ. ಇದು ಹೃದಯದ ರಕ್ತನಾಳಕ್ಕೆ ಹಾನಿ ಮಾಡಬಲ್ಲದು. ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಆ ಅಪಾಯ ಬಹುಪಾಲು ತಪ್ಪುತ್ತದೆ.

ಇನ್ನು ಹಣದ ಮಾತು. ದಿನಗೂಲಿಯವನಿಗೆ ಮಗುವಿನ ಜತೆ ಹತ್ತು ದಿನ ಕುಳಿತರೆ ಹತ್ತು ದಿನದ ಸಂಬಳ ಹೋಯಿತು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ನೆರವು ಬೇಕಾದರೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ಇಲ್ಲಿನ ನಿವಾಸಿ ಎಂಬ ದಾಖಲೆ ಬೇಕು. ಎಷ್ಟೋ ಮಂದಿಯ ಕಾರ್ಡು ಇನ್ನೂ ಊರಿನಲ್ಲೇ ಇದೆ. ಊರಿನ ಆಯುಷ್ಮಾನ್ ಕಾರ್ಡ್ ಇದ್ದವರು ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ಅದನ್ನು ಬಳಸಲು ಅವಕಾಶವಿದೆ. ನಾಸಿಕ್‌ನ ಜಿಲ್ಲಾ ಆಸ್ಪತ್ರೆ, ಸಂಭಾಜಿನಗರದಲ್ಲಿ ಜನ ‘ಘಾಟಿ’ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಡವರಿಗೆ ದೊಡ್ಡ ಆಸರೆ. ಮಲೇರಿಯಾ, ಕ್ಷಯದ ತಪಾಸಣೆ ಸರಕಾರಿ ಕೇಂದ್ರಗಳಲ್ಲಿ ಉಚಿತ. ಕಾಗದಪತ್ರವನ್ನು ಕಾಯಿಲೆ ಬರುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಇಲ್ಲಿ ಸಂಘ ಸಂಸ್ಥೆಗಳ ಹೊಣೆಯೂ ಇದೆ. ವಾರ್ಷಿಕೋತ್ಸವ, ಯಕ್ಷಗಾನ, ವಿದ್ಯಾರ್ಥಿವೇತನ, ಆರೋಗ್ಯ ಶಿಬಿರ ಎಲ್ಲವೂ ಬೇಕು. ಅವು ನಡೆಯುತ್ತಿರುವುದು ಶ್ಲಾಘನೀಯವೇ. ಆದರೆ ವರ್ಷಕ್ಕೊಂದು ದಿನದ ಶಿಬಿರದಲ್ಲಿ ಇಳಿಯದ ಜ್ವರದ ಮಗು ಸಿಗುವುದಿಲ್ಲ. ಪ್ರತಿ ಬಡಾವಣೆಗೆ ಮರಾಠಿ ಬಲ್ಲ ಇಬ್ಬರು ಕಾರ್ಯಕರ್ತರ ಹೆಸರು, ಫೋನ್ ನಂಬರನ್ನು ಸಂಘ ಸದಸ್ಯರಿಗೆ ಕೊಡಲಿ. ಆಸ್ಪತ್ರೆಗೆ ಜತೆಯಾಗಿ ಹೋಗುವುದು, ಒಂದು ರಾತ್ರಿ ತಾಯಿಗೆ ನಿದ್ದೆ ಸಿಗುವಂತೆ ವಾರ್ಡಿನಲ್ಲಿ ಕುಳಿತುಕೊಳ್ಳುವುದು, ಮನೆಯಲ್ಲಿ ಉಳಿದ ದೊಡ್ಡ ಮಗುವಿಗೆ ಊಟ ಮುಟ್ಟಿಸುವುದು ಮಹಿಳಾ ವಿಭಾಗ ಮತ್ತು ಯುವ ವಿಭಾಗಕ್ಕೆ ಹೊರೆಯಾಗದ ಕೆಲಸ. ಹೋಟೆಲ್ ಮಾಲಕರು ಇಂಥ ಹೊತ್ತಿನಲ್ಲಿ ಕೆಲಸಗಾರನಿಗೆ ಸಂಬಳ ಸಹಿತ ನಾಲ್ಕು ದಿನ ರಜೆ ಕೊಟ್ಟರೆ ಅದು ಯಾವ ದೇಣಿಗೆಗೂ ಕಡಿಮೆಯಲ್ಲ.

ಕಡೆಯದಾಗಿ ಹೇಳಬೇಕಾದುದು ತಾಯಂದಿರ ಬಗ್ಗೆ. ಜ್ವರ ಉದ್ದವಾದಂತೆ ಊರಿನಿಂದ ಬರುವ ಫೋನುಗಳಲ್ಲಿ ಪ್ರಶ್ನೆಗಳೇ ಹೆಚ್ಚು: ಏನು ತಿನ್ನಿಸಿದಿ, ಯಾಕೆ ನೀರಿನಲ್ಲಿ ಆಡಲು ಬಿಟ್ಟೆ, ಯಾರ ದೃಷ್ಟಿ ತಾಗಿತು. ಹರಕೆ ಹೇಳಿಕೊಳ್ಳಲಿ, ದೃಷ್ಟಿ ತೆಗೆಯಲಿ, ಅದರಿಂದ ಮನಸ್ಸಿಗೆ ಧೈರ್ಯ ಬಂದರೆ ಬೇಡವೆನ್ನುವವರಿಲ್ಲ. ಆದರೆ ಆಸ್ಪತ್ರೆಗೆ ಹೋಗುವ ದಿನ ಅದಕ್ಕಾಗಿ ಮುಂದೆ ಹೋಗದಿರಲಿ; ತಾಯಿಯ ಮೇಲೆ ತಪ್ಪು ಹೊರಿಸದಿರಲಿ. ಆ ಮಗು ಕಳೆದ ತಿಂಗಳು ಎಲ್ಲಿ ಆಡಿತು, ಏನು ಕುಡಿಯಿತು, ಯಾವ ಗಂಟೆಗೆ ಮೈ ಬಿಸಿಯಾಯಿತು ಎಂಬುದನ್ನು ಸರಿಯಾಗಿ ಹೇಳಬಲ್ಲವಳು ಅವಳೇ. ದೂಷಣೆಗೆ ಹೆದರಿ ಅವಳು ಮಾತು ನುಂಗಿದರೆ ಡಾಕ್ಟರರಿಗೆ ಸಿಗಬೇಕಾದ ಸುಳಿವೂ ಅಲ್ಲಿಗೇ ನಿಲ್ಲುತ್ತದೆ. ಊರಿನವರು ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ರಾತ್ರಿ ನಿನ್ನ ಜತೆ ಯಾರಿದ್ದಾರೆ? ಆ ಪ್ರಶ್ನೆಗೆ ಇಲ್ಲಿನ ಕನ್ನಡಿಗರಲ್ಲಿ ಒಬ್ಬರ ಹೆಸರು ಉತ್ತರವಾಗಿ ಸಿಗುವಂತಾಗಲಿ.