ನಾಕು ತಂತಿಯವನನ್ನ ಯಾರೂ ಕೇಳೂದಿಲ್ಲ

ಗ್ಯಾದರಿಂಗಿಗೆ ಬ್ಯಾಂಡ್ ಕಟ್ಟೋವಾಗ ಬೇಸ್ ಗಿಟಾರ್ ಯಾರ ಕೈಗೆ ಹೋಗ್ತದ ಅಂತ ಎಂದಾದ್ರೂ ಗಮನಿಸಿದ್ದೀರಾ? ಹಾಡೋಕೆ ಐದು ಮಂದಿ ರೆಡಿ. ಲೀಡ್ ಗಿಟಾರಿಗೆ ಜಗಳ. ಡ್ರಮ್ಸ್ ಮೇಲೆ ಫೈನಲ್ ಇಯರ್‌ನವರ ಹಕ್ಕು. ಕಡೀಕ ಉಳಿದವನಿಗೆ "ಲೇ, ನೀ ಬೇಸ್ ಹಿಡಿಯೋ, ಅದಕ್ಕ ನಾಕ ತಂತಿ, ಆರಾಮ ಐತಿ" ಅಂತಾರ. ಮಿಕ್ಸರ್ ಮುಂದೆ ಕೂರುವವನ ಗತಿ ಇನ್ನೂ ಕೆಟ್ಟದ್ದು. ಅವನ ಹೆಸರು ಪೋಸ್ಟರಿನಲ್ಲೇ ಇರೋದಿಲ್ಲ. ಮೈಕ್ ಕುಂಯ್ ಅಂತ ಕೂಗಿದಾಗ ಮಾತ್ರ ಇಡೀ ಹಾಲ್ ಅವನ ಕಡೆ ತಿರುಗಿ ನೋಡ್ತದ.

ಈ ಎರಡೂ ಜಾಗದಲ್ಲಿ ಕೂತೇ ಬದುಕು ಕಟ್ಟಿಕೊಂಡವನು ಲಂಡನ್ನಿನ ಮಾರ್ಟಿನ್ ಗ್ಲೋವರ್. 1960ರ ಡಿಸೆಂಬರಿನಲ್ಲಿ ಹುಟ್ಟಿದವನು. ವೇದಿಕೆಯ ಮೇಲಿನ ಹೆಸರು 'ಯೂತ್'. ಈಗ ವಯಸ್ಸು ಅರವತ್ತು ದಾಟಿದೆ, ಹೆಸರು ಮಾತ್ರ ಅದೇ! ನಿಮ್ಮಲ್ಲಿ ಬಹಳ ಮಂದಿ ಈ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವನ ಕೆಲಸ ಕೇಳಿರುತ್ತೀರಿ. ಅದೇ ನನ್ನ ತಕರಾರು.

ಪಂಕ್ ಅಂದ್ರೆ ಬಣ್ಣ ಹಚ್ಚಿದ ಕೂದಲು, ಹರಿದ ಜಾಕೆಟ್ ಅಂತ ನಾವು ತಿಳಕೊಂಡಿದ್ದೇವೆ. ಅದರ ಅಸಲು ವಿಚಾರ ಬೇರೆ. 1976-77ರ ಹೊತ್ತಿಗೆ ಇಂಗ್ಲೆಂಡಿನ ಹುಡುಗರಿಗೆ ಹೊಳೆದದ್ದು ಇಷ್ಟೇ: ಬಾರಿಸೋಕೆ ಪೂರ್ತಿ ಕಲಿತಿರಬೇಕಾಗಿಲ್ಲ, ಕಂಪನಿಯವರು ಬಂದು ಆರಿಸಲಿ ಅಂತ ಕಾಯಬೇಕಾಗಿಲ್ಲ, ಮೂರು ಕಾರ್ಡ್ ಬಂದ್ರೆ ಬ್ಯಾಂಡ್ ಶುರು ಮಾಡಬಹುದು. ರೆಕಾರ್ಡ್ ತಾವೇ ಒತ್ತಿಸಿದರು, ಪತ್ರಿಕೆ ತಾವೇ ಝೆರಾಕ್ಸ್ ಮಾಡಿ ಹಂಚಿದರು. ಯೂತ್ ಆ ಗದ್ದಲದಲ್ಲೇ ಬೆಳೆದ ಹುಡುಗ. ಹದಿಹರೆಯದಲ್ಲೇ ಪಂಕ್ ಬ್ಯಾಂಡಿನಲ್ಲಿ ಬೇಸ್ ಬಾರಿಸಿದ, ಆಮೇಲೆ 'ಕಿಲ್ಲಿಂಗ್ ಜೋಕ್' ಸೇರಿದ. 1980ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದರಲ್ಲಿರುವ 'ದಿ ವೇಟ್' ಹಾಡನ್ನ 1987ರಲ್ಲಿ ಮೆಟಾಲಿಕಾದವರು ತಾವೂ ಬಾರಿಸಿದರು. ಮೆಟಾಲಿಕಾ ಟೀ ಶರ್ಟ್ ಹಾಕ್ಕೊಂಡು ಲ್ಯಾಬಿಗೆ ಬರುವ ದೋಸ್ತರು ಇವತ್ತು ರಾತ್ರಿ ಮೂಲ ಹಾಡು ಕೇಳಿ ನೋಡ್ರಿ. ಹೆಡ್‌ಫೋನಿನಲ್ಲಿ ಕೇಳಿ, ಫೋನಿನ ಸ್ಪೀಕರಿನಲ್ಲಿ ಬ್ಯಾಡ.

ಯಾಕಂದ್ರೆ ಬೇಸಿನ ಎಲ್ಲಕ್ಕಿಂತ ದಪ್ಪ ತಂತಿ ಮಿಡಿಯೋದು ಸುಮಾರು 41 ಹರ್ಟ್ಸ್. ಗಾಳಿಯಲ್ಲಿ ಅದರ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಬೆರಳಿನಗಲದ ಫೋನ್ ಸ್ಪೀಕರಿಗೆ ಅದನ್ನ ಹೊರಡಿಸುವ ತಾಕತ್ತಿಲ್ಲ. ಮೇಲಿನ ಹಾರ್ಮೋನಿಕ್ಸ್ ಕೇಳಿ ನಮ್ಮ ಮಿದುಳೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಅಂದರೆ ಬೇಸ್ ಬಾರಿಸುವವನು ಪೋಸ್ಟರಿನಲ್ಲೂ ಕಾಣೋದಿಲ್ಲ, ಫೋನಿನಲ್ಲೂ ಕೇಳಿಸೋದಿಲ್ಲ. ಆದರೆ ಅವನು ನಿಲ್ಲಿಸಿದ ಕ್ಷಣ ಹಾಡು ಟೊಳ್ಳಾಗ್ತದ. ಇದು ಧಾರವಾಡದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಗಂಗೂಬಾಯಿ ಹಾನಗಲ್ಲರ ಹಿಂದೆ ಕೂತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ಅವರನ್ನು ತೆಗೆದು ಆ ಕಛೇರಿಗಳನ್ನ ಕಲ್ಪಿಸಿಕೊಳ್ಳಿ. ತಂಬೂರಿಗೂ ನಾಕೇ ತಂತಿ. (ನಾಕು ತಂತಿ ಅಂದ ಕೂಡಲೇ ಬೇಂದ್ರೆ ಅಜ್ಜ ನೆನಪಾಗದಿದ್ದರೆ ನೀವು ಈ ಊರಿನವರೇ ಅಲ್ಲ ಬಿಡ್ರಿ.)

1982ರಲ್ಲಿ ಯೂತ್ ಕಿಲ್ಲಿಂಗ್ ಜೋಕ್ ಬಿಟ್ಟ. ಆಮೇಲೆ ಕಟ್ಟಿದ ಬ್ಯಾಂಡಿನ ಹೆಸರು 'ಬ್ರಿಲಿಯಂಟ್'. 1986ರಲ್ಲಿ ಆಲ್ಬಮ್ ಬಂತು, ಮಲಗಿಬಿಡ್ತು. ನಮ್ಮ ಕಡೆಯಾದರೆ ಇಲ್ಲಿಗೆ "ಹೋಗ್ಲಿ ಬಿಡೋ, ನೌಕರಿ ನೋಡು" ಅನ್ನೋದು ಶುರುವಾಗ್ತಿತ್ತು. ಆದರೆ ಆ ಆಲ್ಬಮ್ ಮಾಡಿಸಿದ್ದು ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು, ಆಗಿನ ಇಂಗ್ಲಿಷ್ ಪಾಪ್ ಸಂಗೀತವನ್ನ ಕಾರ್ಖಾನೆಯಂತೆ ನಡೆಸುತ್ತಿದ್ದವರು. ಪಂಕ್ ಮಂದಿ ಮೂಗು ಮುರಿಯುತ್ತಿದ್ದ ಜನ. ಅಲ್ಲಿಂದ ಹೊರಬಂದ ಯೂತ್ ಮುಂದಿನ ಬದುಕನ್ನೆಲ್ಲ ಸ್ಟುಡಿಯೋದಲ್ಲೇ ಕಳೆದ. ನನಗೆ ಈ ಮನುಷ್ಯ ಇಷ್ಟವಾಗೋದು ಇಲ್ಲೇ. ಸೋತ ಆಲ್ಬಮ್ಮಿನಿಂದ ಕಸುಬು ಎತ್ತಿಕೊಂಡು ಬಂದ.

ಮುಂದಿನದ್ದು ದೊಡ್ಡ ಪಟ್ಟಿ, ಬೇಗ ಮುಗಿಸ್ತೀನಿ. 1997ರ ದಿ ವರ್ವ್ ತಂಡದ 'ಅರ್ಬನ್ ಹಿಮ್ಸ್' ಆಲ್ಬಮ್ಮಿಗೆ ನಿರ್ಮಾಪಕರಲ್ಲೊಬ್ಬ. 'ಬಿಟರ್ ಸ್ವೀಟ್ ಸಿಂಫನಿ' ಇರೋದು ಅದರಲ್ಲೇ. ಬೀಟಲ್ಸಿನ ಪಾಲ್ ಮೆಕಾರ್ಟ್ನಿ ಜೊತೆ 'ದಿ ಫೈರ್‌ಮ್ಯಾನ್' ಎಂಬ ಹೆಸರಿನಲ್ಲಿ 1993, 1998, 2008ರಲ್ಲಿ ಮೂರು ಆಲ್ಬಮ್. ಮೆಕಾರ್ಟ್ನಿಯೂ ಬೇಸ್ ಬಾರಿಸುವವನೇ, ಮರೀಬ್ಯಾಡ್ರಿ. 2014ರಲ್ಲಿ ಪಿಂಕ್ ಫ್ಲಾಯ್ಡ್‌ನವರು, ತೀರಿಹೋದ ರಿಕ್ ರೈಟ್ ಇಪ್ಪತ್ತು ವರ್ಷ ಹಿಂದೆ ನುಡಿಸಿಟ್ಟಿದ್ದ ತುಣುಕುಗಳನ್ನು ಜೋಡಿಸಿ 'ದಿ ಎಂಡ್‌ಲೆಸ್ ರಿವರ್' ತಂದಾಗ ನಿರ್ಮಾಪಕರ ಸಾಲಿನಲ್ಲಿ ಇವನೂ ಇದ್ದ. ಇದರ ನಡುವೆ 2008ರಲ್ಲಿ ಹಳೇ ಗೆಳೆಯರ ಕಿಲ್ಲಿಂಗ್ ಜೋಕ್‌ಗೆ ವಾಪಸ್ ಬಂದು ಮತ್ತೆ ಬೇಸ್ ಹಿಡಿದ.

ಒಂದು ಸಂಗತಿ ಮಾತ್ರ ನಿಧಾನವಾಗಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಅವನು ಶುರು ಮಾಡಿದ ಲೇಬಲ್ 'ಡ್ರಾಗನ್‌ಫ್ಲೈ'. ಗೋವಾದ ಅಂಜುನಾ ದಂಡೆಯಲ್ಲಿ ಬೆಳೆದ ಟ್ರಾನ್ಸ್ ಸಂಗೀತವನ್ನ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿ ಮಾರಿದ ಮೊದಲ ಲೇಬಲ್‌ಗಳಲ್ಲಿ ಅದೂ ಒಂದು. ಅಂಜುನಾ ನಮಗೆಷ್ಟು ದೂರ? ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ, ಇಳಿದರೆ ಗೋವಾ. ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ಹೋಗ್ತೀವಿ, ಇನ್‌ಸ್ಟಾಗ್ರಾಮಿಗೆ ನಾಕು ಫೋಟೋ ತರ್ತೀವಿ. ಅಲ್ಲಿನ ಸದ್ದು ಲಂಡನ್ನಿಗೆ ಹೋಗಿ ದುಡ್ಡು ಮಾಡಿತು, ರಾಯಾಪುರಕ್ಕೆ ಬರಲಿಲ್ಲ.

"ಇವೆಲ್ಲ ನಮ್ಮದಲ್ಲ, ನಮ್ಮದು ಹಿಂದುಸ್ತಾನಿ ಪರಂಪರೆ" ಅನ್ನೋ ಮಾತು ಕನ್ನಡ ಸಂಘದ ಮೀಟಿಂಗಿನಲ್ಲೂ ಕೇಳಿದ್ದೀನಿ. ಹಿಂದುಸ್ತಾನಿಯಾದರೂ ಇಲ್ಲಿಗೆ ನಡೆದುಕೊಂಡೇ ಬಂದದ್ದಲ್ಲವೇ? ಉತ್ತರದ ಕಿರಾಣಾದಿಂದ ಬಂದ ಅಬ್ದುಲ್ ಕರೀಂ ಖಾನರು ಕಲಿಸಿದ್ದು ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಭೀಮಸೇನ ಜೋಶಿಯವರಿಗೂ ಗಂಗೂಬಾಯಿಯವರಿಗೂ. ಹೊರಗಿನದ್ದನ್ನ ನಮ್ಮದು ಮಾಡ್ಕೊಳ್ಳೋದು ಈ ಸೀಮೆಯ ಹಳೇ ಚಟ. ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಕ್ಕೆ ಬ್ಯಾಂಡ್ ಕಟ್ಟಿದಾಗ ನಮ್ಮ ಹಾಸ್ಟೆಲ್ಲುಗಳೆಲ್ಲ ಅದನ್ನ ಹಾಡಿದವು. ಶರೀಫರು ಶಿಗ್ಗಾವಿ ಕಡೆಯವರು, ನಮ್ಮ ಪಕ್ಕದವರು. ಪದ ನಮ್ಮದು, ಬ್ಯಾಂಡ್ ಮಾತ್ರ ಬೆಂಗಳೂರಿನದು. ಅಂದಹಾಗೆ ಆ ತಂಡದಲ್ಲಿ ಬಹಳ ವರ್ಷ ಬೇಸ್ ಬಾರಿಸಿದವರು ಗೌರವ್ ವಾಜ್. ಎಷ್ಟು ಮಂದಿಗೆ ಗೊತ್ತಿತ್ತು?

ಹಂಗಾದ್ರ ನಾನು ಕೇಳೋದೇನು? ಈ ಸಲದ ಗ್ಯಾದರಿಂಗಿನ ಬಜೆಟ್ ಇನ್ನೂ ಪಾಸಾಗಿಲ್ಲ. ಹೋದ ವರ್ಷದಂತೆ ಈ ವರ್ಷವೂ ದೊಡ್ಡ ಮೊತ್ತ ಒಂದು ರಾತ್ರಿಯ ಡಿಜೆಗೆ ಹೋಗುವ ಲಕ್ಷಣ ಕಾಣ್ತಾ ಇದೆ. ಎರಡು ತಾಸು ಕುಣೀತೀವಿ, ಮರುದಿನ ಗಂಟಲು ನೋವು, ಮುಗೀತು. ಡಿಜೆ ಬ್ಯಾಡ ಅಂತ ನಾನು ಹೇಳೋದಿಲ್ಲ. ಹೇಳಿದರೆ ಹಾಸ್ಟೆಲ್ಲಿಗೆ ಕಾಲಿಡೋಕೆ ಆಗೋದಿಲ್ಲ. ಆದರೆ ಆ ದುಡ್ಡಿನ ಕಾಲು ಭಾಗ ತೆಗೆದಿಟ್ಟರೆ ಒಂದು ಆಡಿಯೋ ಇಂಟರ್‌ಫೇಸ್, ಎರಡು ಒಳ್ಳೆ ಮೈಕು, ಒಂದು ಬೇಸ್ ಗಿಟಾರ್ ಬರ್ತಾವ. ಆಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಐತಿ. ಸಿಗ್ನಲ್ ಪ್ರೊಸೆಸಿಂಗ್ ಪೇಪರಿಗೆ ಫಿಲ್ಟರ್ ಬಗ್ಗೆ ಹತ್ತು ಪುಟ ಬರೆಯುವ ನಾವು ಒಂದು ಹಾಡಿಗೆ ಈಕ್ವಲೈಜರ್ ಹಚ್ಚಲಾರೆವೇ? ಕ್ಲಾಸ್‌ರೂಮಿನ ಗೋಡೆಗೆ ಹಾಸಿಗೆ ಒರಗಿಸಿದರೂ ಗೂಂಜು ಕಡಿಮೆಯಾಗ್ತದ. ಪಕ್ಕದ ಇಸ್ಕಾನ್ ಗುಡಿಯ ಮೃದಂಗ, ಚಿಗರಿ ಬಸ್ಸಿನ ಬಾಗಿಲಿನ ಸದ್ದು ಒಳಗೆ ಬಂದ್ರ ಬರಲಿ. ರಾಯಾಪುರದ ಹಾಡು ಅಂತ ಗೊತ್ತಾಗಲಿ.

ಸ್ಪರ್ಧೆಯ ನಿಯಮಕ್ಕೂ ಎರಡು ಸಾಲು ಸೇರಿಸಬೇಕು. ಕವರ್ ಹಾಡಿನ ಜೊತೆ ಒಂದಾದರೂ ಸ್ವಂತ ಕನ್ನಡ ಹಾಡು ಕಡ್ಡಾಯ. ಮಿಕ್ಸರ್ ನಡೆಸುವವನು ಬಾಡಿಗೆಯವನಲ್ಲ, ತಂಡದವನೇ ಆಗಿರಬೇಕು, ಅವನಿಗೂ ಸರ್ಟಿಫಿಕೇಟ್ ಕೊಡಬೇಕು.

ಜಿಮಖಾನಾ ಮೀಟಿಂಗ್ ಮುಂದಿನ ವಾರ. ಈ ಪ್ರಸ್ತಾಪಕ್ಕೆ ಸಹಿ ಹಾಕುವವರು ಸಂಘದ ರೂಮಿಗೆ ಬರ್ರಿ. ಹಾಡೋರು ಸಾಕಷ್ಟು ಮಂದಿ ಇದ್ದಾರೆ, ಬೇಸ್ ಬಾರಿಸುವವರು ಮೊದಲು ಬರ್ರಿ.