ಬಾಗಿಲಿಗೆ ಪ್ಲಾಸ್ಟಿಕ್ ತೋರಣ ಕಟ್ಟಬೇಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅವ್ವಂದಿರೇ, ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಕಾರರೇ, ಸಾಲಿ ಮಾಸ್ತರರೇ,

ಮಹಾನವಮಿಯಿಂದ ಗೌರಿ ಹುಣ್ಣಿಮೆಯವರೆಗೆ ನಮ್ಮ ಕಡೆ ಮನೆ ಸಿಂಗರಿಸುವ ಕಾಲ. ಈಚೆಗೆ ಅಕ್ಟೋಬರ್ 31ರ ಹ್ಯಾಲೋವೀನ್ ಕೂಡ ಮೊಬೈಲಿನೊಳಗಿಂದ ಇಣುಕುತ್ತಿದೆ. 2024ರಲ್ಲಂತೂ ನಮ್ಮ ನರಕ ಚತುರ್ದಶಿ ಆ ದಿನವೇ ಬಿತ್ತು. ಪರದೇಶದ ಹಬ್ಬ ನಮಗೇಕೆ ಎಂದು ಜಗಳ ತೆಗೆಯುವ ಉದ್ದೇಶ ನನಗಿಲ್ಲ. ಮಕ್ಕಳು ದೆವ್ವದ ವೇಷ ಹಾಕುತ್ತೇವೆ ಅಂದರೆ ಹಾಕಲಿ, ಒಂದು ದಿನ ಕುಣಿದು ಸುಮ್ಮನಾಗುತ್ತಾರೆ. ಹಬ್ಬ ಯಾವುದೇ ಇರಲಿ, ಅದರ ಹೆಸರಿನಲ್ಲಿ ಅಂಗಡಿಯಿಂದ ಬಂದು ಮೂರನೆಯ ದಿನ ತಿಪ್ಪೆ ಸೇರುವ ಸಾಮಾನಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ನಮ್ಮಲ್ಲಿ ತಿಪ್ಪೆಗೆ ಹೋದದ್ದು ಅಲ್ಲಿಗೇ ಮುಗಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ತಿಪ್ಪೆಗೊಬ್ಬರ ಹೊಲಕ್ಕೆ ಬೀಳುತ್ತದೆ. ಮಿಂಚಿನ ಹಾಳೆ, ಜರಿ ಎಳೆ, ಥರ್ಮಾಕೋಲಿನ ಬಿಳಿ ಕಾಳು ಎಲ್ಲವೂ ಗೊಬ್ಬರದ ಸಂಗಡ ಹೋಗಿ ಸಜ್ಜೆ, ಜೋಳದ ಬುಡದಲ್ಲಿ ಕೂರುತ್ತವೆ. ಸಗಣಿ ಕೊಳೆಯುತ್ತದೆ, ಅವು ಕೊಳೆಯುವುದಿಲ್ಲ. ಗಂಗಾವತಿಯಂಥ ನೀರಾವರಿ ಊರಿನಲ್ಲಿ ಗಟಾರಕ್ಕೆ ಎಸೆದದ್ದು ತೇಲುತ್ತ ಗದ್ದೆ ಬಯಲಿನ ಕಡೆಗೇ ಹೋಗುತ್ತದೆ. ಹಬ್ಬದ ಮರುದಿನ ಬೀದಿಯ ಆಕಳು ಎಂಜಲೆಲೆಯ ವಾಸನೆ ಹಿಡಿದು ಚೀಲದ ಸಮೇತ ನುಂಗುವುದನ್ನು ನೀವೂ ನೋಡಿದ್ದೀರಿ. ಇನ್ನು ಕೆಲವರು, ಸ್ವಚ್ಛ ಮಾಡುತ್ತೇವೆಂದು, ಎಲ್ಲ ಗುಡ್ಡೆ ಹಾಕಿ ಕಡ್ಡಿ ಗೀರುತ್ತಾರೆ. ಪಿವಿಸಿ ಎಂಬ ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆ ವಿಷ. ಅದು ಮೊದಲು ಹೋಗುವುದು ಅಂಗಳದಲ್ಲಿ ಆಡುವ ಕೂಸಿನ ಎದೆಗೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ಬಾವುಟ, ತೋರಣ, ಥರ್ಮಾಕೋಲ್ ತಟ್ಟೆ-ಲೋಟಗಳನ್ನು ನಿಷೇಧಿಸಿತು. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದ ತುಂಬ ನಿಷೇಧವಿದೆ. ಆದರೂ ಮಾರುತ್ತಾರೆ, ಏಕೆಂದರೆ ನಾವು ಕೇಳುತ್ತೇವೆ. ಅಧಿಕಾರಿಗಳು ಬಂದು ಅಂಗಡಿ ತಪಾಸಿಸಲಿ ಎಂದು ಕಾಯುವುದಕ್ಕಿಂತ ನಾವು ಕೇಳುವುದನ್ನು ಬಿಡುವುದು ಬೇಗ ಆಗುವ ಕೆಲಸ.

ಹಾಗಾದರೆ ಏನು ಕಟ್ಟೋಣ, ಏನು ಇಡೋಣ ಎನ್ನುತ್ತೀರಾ? ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತೇನೆ. ಗೋಡೆಗೆ ಸುಣ್ಣ, ಅಂಚಿಗೆ ಹುರಮಂಜು, ಕಟ್ಟೆಗೆ ಕೆಮ್ಮಣ್ಣು: ನಮ್ಮ ಹಳೆಯ ಮನೆಗಳ ಬಣ್ಣ ಇಷ್ಟೇ, ಸಾಲದು ಎಂದು ಯಾರೂ ಗೊಣಗಿರಲಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣದ ಗೆರೆ ಎಳೆದು ಮಾಲಿಂಗನ ಬಳ್ಳಿ ಸುತ್ತುತ್ತಿದ್ದೆವು. ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ, ಮೈತುಂಬ ಚೆಂಡು ಹೂ, ಉತ್ತರಾಣಿ ಕಡ್ಡಿ ಚುಚ್ಚಿ ಹೊಸ್ತಿಲ ಎರಡೂ ಬದಿಗೆ ಕೂರಿಸುತ್ತಿದ್ದೆವು. ಪೂಜೆ ಮುಗಿದ ಮೇಲೆ ಆ ಪಾಂಡವರೇ ಕುಳ್ಳಾಗಿ ಒಲೆ ಸೇರುತ್ತಿದ್ದರು. ಕಸವೆಂಬುದೇ ಉಳಿಯದ ಇಂಥ ಅಲಂಕಾರಕ್ಕೆ ಈಗ ಪೇಟೆಯಲ್ಲಿ ಇಂಗ್ಲಿಷ್ ಹೆಸರಿಟ್ಟು ತರಬೇತಿ ಕೊಡುತ್ತಾರೆ. ನಿಮ್ಮ ಮನೆಯ ಅಜ್ಜಿಯನ್ನು ಕೇಳಿದರೆ ಪುಗಸಟ್ಟೆ.

ಹ್ಯಾಲೋವೀನ್‌ನಲ್ಲಿ ಮಕ್ಕಳು ಮನೆಮನೆಗೆ ಹೋಗಿ ತಿನಿಸು ಕೇಳುತ್ತಾರಂತೆ, ಅದೇ ದೊಡ್ಡ ಆಕರ್ಷಣೆ. ಉತ್ತರ ಕರ್ನಾಟಕದ ಮಕ್ಕಳಿಗೆ ಇದು ಹೊಸದೇ? ದೀಪಾವಳಿಯ ರಾತ್ರಿ ಹುಲ್ಲನ್ನು ಹಾವಿನ ಹೆಡೆಯಂತೆ ಹೆಣೆದು, ಅದರಲ್ಲಿ ದೀಪವಿಟ್ಟು, ಹಾಡುತ್ತ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ದನಗಳಿಗೆ ಬೆಳಗುವ ಆಣಿಪೀಣಿ ನಮ್ಮ ಹುಡುಗರದೇ ಹಬ್ಬ. ಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತಾರೆ, ಕೈಗೆ ಏನಾದರೂ ಕೊಡುತ್ತಾರೆ. ಕತ್ತಲಿದೆ, ಬೆಂಕಿಯಿದೆ, ಹಾಡಿದೆ, ತಿರುಗಾಟವಿದೆ. ಮಕ್ಕಳಿಗೆ ಇನ್ನೇನು ಬೇಕು? ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಜೋಕುಮಾರನೂ ಮಣ್ಣಿನವನೇ. ಮಾಸ್ತರರೇ, ನಿಮ್ಮ ಸಾಲಿಯಲ್ಲಿ ಹ್ಯಾಲೋವೀನ್ ಮಾಡಿದರೂ ಮಾಡಿ, ಅದರ ಜೊತೆಗೆ ಒಂದು ಸಂಜೆ ಆಣಿಪೀಣಿ ಹೆಣೆಯುವುದನ್ನು ಕಲಿಸಿ. ಬಲ್ಲ ಹಿರಿಯರು ಇನ್ನೂ ಇದ್ದಾರೆ, ಅವರನ್ನು ಕರೆಸಿ.

ಹೆದರಿಸುವ ಮುಖವೂ ನಮಗೆ ಹೊಸತಲ್ಲ. ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದ್ದು 1112ರಲ್ಲಿ. ಅಲ್ಲಿ ಕಲ್ಲಿನ ತೋರಣಗಳ ನೆತ್ತಿಯಲ್ಲಿ ಕಣ್ಣು ಗುಡ್ಡೆ ಹೊರಚಾಚಿದ ಕೀರ್ತಿಮುಖಗಳನ್ನು ನೋಡಿ ಬನ್ನಿ. ಕೆಟ್ಟದ್ದನ್ನು ಹೆದರಿಸಿ ಓಡಿಸಲು ಅಷ್ಟು ಚೆಲುವಾದ ಮುಖ ಯಾವ ಆನ್‌ಲೈನ್ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನೇ ನೋಡಿ ಮಕ್ಕಳು ಮುಖವಾಡ ಮಾಡಲಿ. ಅಂಟಿಗಾಗಿ ಅಂಗಡಿಗೆ ಹೋಗಬೇಕಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟನ್ನೇ ಬಳಸುತ್ತ ಬಂದಿದ್ದಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೇ ಎಂಬ ಮಾತಿದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದರೆ ಅಂಟು ಸಿದ್ಧ. ಹಳೆಯ ಪತ್ರಿಕೆಯನ್ನು ಚೂರು ಮಾಡಿ, ಮಡಕೆಯ ಬೆನ್ನ ಮೇಲೆ ಆ ಅಂಟಿನಿಂದ ಪದರ ಪದರವಾಗಿ ಹಚ್ಚಿ ಒಣಗಿಸಿದರೆ ಮುಖವಾಡ. ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು, ದೀಪದ ಕಾಡಿಗೆ. ಮನೆಯಲ್ಲಿ ಉಳಿಯುವಂಥ ಅಲಂಕಾರಕ್ಕೆ ಹಣ ಹಾಕುವ ಮನಸ್ಸಿದ್ದವರು ಒಂದು ಕಿನ್ನಾಳ ಗೊಂಬೆ ಕೊಳ್ಳಿ. ಭೌಗೋಳಿಕ ಮಾನ್ಯತೆ ಪಡೆದ ಕಲೆ ಅದು. ಮಾನ್ಯತೆಯ ಪತ್ರದಿಂದ ಕಲಾವಿದನ ಒಲೆ ಉರಿಯುವುದಿಲ್ಲ, ಗಿರಾಕಿ ಬರಬೇಕು.

ಇನ್ನು ಹ್ಯಾಲೋವೀನ್‌ನ ಕುಂಬಳಕಾಯಿ ದೀಪದ ವಿಷಯ. ಐರ್ಲೆಂಡಿನವರು ಮೊದಲು ಕೊರೆಯುತ್ತಿದ್ದುದು ಟರ್ನಿಪ್ ಎಂಬ ಗಡ್ಡೆಯನ್ನು. ಅಮೆರಿಕೆಗೆ ವಲಸೆ ಹೋದಾಗ ಅಲ್ಲಿ ಹೇರಳವಾಗಿದ್ದ ಕುಂಬಳವನ್ನು ಹಿಡಿದರು. ಅಂದರೆ ಕೈಗೆ ಸಿಕ್ಕಿದ್ದನ್ನು ಬಳಸುವುದೇ ಆ ಹಬ್ಬದ ಮೂಲ ರೀತಿ! ನಾವು ಮಾತ್ರ ಅದರ ಪ್ಲಾಸ್ಟಿಕ್ ಪ್ರತಿಯನ್ನು ಪಾರ್ಸೆಲ್‌ನಲ್ಲಿ ತರಿಸುವುದೇಕೆ? ಸಂತೆಯಲ್ಲಿ ಸಿಹಿಗುಂಬಳ ಕೊಳ್ಳಿ. ಮಕ್ಕಳು ಮುಖ ಕೊರೆಯಲಿ, ಒಳಗೆ ಹಣತೆ ಇಡಲಿ. ತೆಗೆದ ತಿರುಳಿಗೆ ಬೆಲ್ಲ ಸೇರಿಸಿ ಗಾರಿಗೆ ಕರಿಯಿರಿ, ಬೀಜ ಹಿತ್ತಲಿಗೆ, ಮರುದಿನ ಸಿಪ್ಪೆ ಎಮ್ಮೆಗೆ. ಕೃತಕ ಜೇಡರ ಬಲೆಯನ್ನಂತೂ ಗಿಡಗಳಿಗೆ ಹೊದಿಸಬೇಡಿ, ಗುಬ್ಬಿ, ಚಿಟ್ಟೆ ಸಿಕ್ಕಿಬೀಳುತ್ತವೆ.

ತೋರಣಕ್ಕೆ ಮಾವಿನ ಎಲೆ ಎಲ್ಲರಿಗೂ ಗೊತ್ತು. ಗಂಗಾವತಿಯವರು ಭತ್ತದ ತೆನೆಯ ಕುಚ್ಚು ಕಟ್ಟಿ, ಹಬ್ಬ ಮುಗಿದರೂ ತೆಗೆಯಬೇಡಿ, ಗುಬ್ಬಿಗಳು ಬಂದು ಖಾಲಿ ಮಾಡುತ್ತವೆ. ಕುಷ್ಟಗಿ, ಯಲಬುರ್ಗಾದವರಿಗೆ ಸಜ್ಜೆ ತೆನೆ ಇದೆ. ಆಕಾಶಬುಟ್ಟಿಗೆ ಬಿದಿರಿನ ಸೀಳು, ಬಣ್ಣದ ಕಾಗದ ಸಾಕು. ಮಂಟಪದ ಹಿಂದೆ ಫ್ಲೆಕ್ಸ್ ಬದಲು ಅವ್ವನ ಹಳೆಯ ಇಳಕಲ್ ಸೀರೆ ಇಳಿಬಿಡಿ. ಮಿಣುಕು ದೀಪದ ಸರ ಇದ್ದರೆ ಹೊಸದು ಬೇಡ, ಹಳೆಯದನ್ನೇ ರಿಪೇರಿ ಮಾಡಿಸಿ.

ಹಬ್ಬ ಮುಗಿದ ಮೇಲಿನ ಕೆಲಸ ಅರ್ಧ ನಮ್ಮದು, ಅರ್ಧ ಆಡಳಿತದ್ದು. ಬಾಳೆಕಂಬ ದನಕ್ಕೆ, ಬಾಡಿದ ಹೂ ಗುಂಡಿಗೆ ಹಾಕಿ. ಹಿರೇಹಳ್ಳಕ್ಕೆ ಎಸೆಯಬೇಡಿ, 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು, ಜನರೇ ಬಂದು ಆ ಹಳ್ಳದ ಹೂಳು, ಜಾಲಿ ತೆಗೆದದ್ದನ್ನು ಮರೆಯಲಾದೀತೇ? ಕೊಪ್ಪಳ, ಗಂಗಾವತಿ ನಗರಸಭೆ, ಕುಷ್ಟಗಿ ಪುರಸಭೆ, ಯಲಬುರ್ಗಾ ಪಟ್ಟಣ ಪಂಚಾಯಿತಿಯವರಲ್ಲಿ ಕೇಳುವುದು ಇಷ್ಟೇ: ಪಾಡ್ಯದ ಮರುದಿನ ಹೂವು, ಬಾಳೆಗೆಂದೇ ಬೇರೆ ಗಾಡಿ ಕಳುಹಿಸಿ, ಗೊಬ್ಬರ ಮಾಡಿ. ಅಂಗಡಿಕಾರರೇ, ಈ ವರ್ಷ ಪ್ಲಾಸ್ಟಿಕ್ ಹಾರದ ಜಾಗದಲ್ಲಿ ಹಣತೆ, ಬಿದಿರು ಬುಟ್ಟಿ, ಕಾಗದದ ತೋರಣ ಇಟ್ಟು ನೋಡಿ.

ಮನೆಯವರಿಗೆ ಕೊನೆಯ ಮಾತು. ಹಬ್ಬದ ಹಿಂದಿನ ದಿನ ಬಟ್ಟೆ ಚೀಲ ಹಿಡಿದು ಸಂತೆಗೆ ಹೋಗಿ. ಚೆಂಡು ಹೂ ಬೆಳೆದ ರೈತ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿರುತ್ತಾನೆ, ಸಂಜೆಯಾದರೆ ಮಾರದ ಹೂವನ್ನು ಅಲ್ಲೇ ಸುರಿದು ಹೋಗುತ್ತಾನೆ. ಪ್ಲಾಸ್ಟಿಕ್ ಮಾಲೆಗೆ ಕೊಡುವ ಹಣವನ್ನು ಅವನಿಗೆ, ಕುಂಬಾರಣ್ಣನಿಗೆ ಕೊಡಿ. ಚೌಕಾಸಿ ಮಾಡಬೇಡಿ.