ಹನಿ ನೀರಿನಲ್ಲಿ ಅರಿವಿನ ಪಾಠ



ನಮ್ಮ ಶರಣರು ಅರಿವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಹುಟ್ಟು ಹಿಡಿದ ಅಂಬಿಗರ ಚೌಡಯ್ಯನಿಗೆ ಹೊಳೆಯೇ ಪಾಠಶಾಲೆ. ಇಂದಾದರೋ ಎಷ್ಟೋ ಮಕ್ಕಳು ದ್ರವಗಳ ನಿಯಮಗಳನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ದೇವರ ಮುಂದಿನ ಪ್ರಣತಿಯಲ್ಲಿ ಎಣ್ಣೆ ಬತ್ತಿಯನ್ನೇರುವುದೇಕೆಂದು ಕೇಳಿದರೆ ಮೌನ ವಹಿಸುತ್ತಾರೆ.

ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವಗಳ ನಡೆಯನ್ನು ಅಭ್ಯಸಿಸುವುದೇ ಮೈಕ್ರೋಫ್ಲೂಯಿಡಿಕ್ಸ್, ಅಂದರೆ ಸೂಕ್ಷ್ಮದ್ರವ ವಿಜ್ಞಾನ. ಮಧುಮೇಹಿಗಳು ಬೆರಳ ರಕ್ತವನ್ನು ಮುಟ್ಟಿಸುವ ಪಟ್ಟಿಯು ಆ ಹನಿಯನ್ನು ತಾನೇ ಒಳಗೆಳೆದುಕೊಳ್ಳುವುದು ಬತ್ತಿಯ ನಿಯಮದಿಂದಲೇ. ಹನಿ ರಕ್ತದಲ್ಲಿ ರೋಗವನ್ನರಿಯುವ ಈ ವಿದ್ಯೆ ದೊಡ್ಡ ಆಸ್ಪತ್ರೆಯಿಲ್ಲದ ಹಳ್ಳಿಗಳಿಗೆ ವರದಾನವಾಗಬಲ್ಲದು.

ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ಕಲಿಸಲು ದುಬಾರಿ ಯಂತ್ರಗಳು ಬೇಕಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ತಟ್ಟೆಗೆ ಕಾಫಿ ಕಲಕುವ ಕಡ್ಡಿಗಳನ್ನು ಅಂಟಿಸಿ, ಮೇಲೆ ಜೆಲಾಟಿನ್ ಸಿಹಿಯ ದ್ರಾವಣವನ್ನು ಸುರಿದು ಹೆಪ್ಪುಗಟ್ಟಿಸಿದರೆ ಕಡ್ಡಿಯ ಗುರುತೇ ಕಾಲುವೆಯಾಗುತ್ತದೆ. ಅದರಲ್ಲಿ ಎರಡು ಬಣ್ಣದ ನೀರನ್ನು ನಿಧಾನವಾಗಿ ಹರಿಸಿದರೆ ಅವು ಕದಡದೆ ಅಕ್ಕಪಕ್ಕದಲ್ಲಿ ಸಾಗುತ್ತವೆ. ಕಿರಿದಾದ ದಾರಿ, ನಿಧಾನದ ನಡೆ ಇರುವಲ್ಲಿ ಸುಳಿಗಳು ಏಳುವುದಿಲ್ಲ. ಬಣ್ಣಗಳು ಬೆರೆಯುವುದು ಅಣುಗಳ ಸಹಜ ವಿಸರಣದಿಂದ ಮಾತ್ರ. ಓಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯನ್ನು ಹರಿಸಿ, ನೀರಿನ ವೇಗ ಹೆಚ್ಚಿದಾಗ ಎಳೆ ಚದುರುವುದನ್ನು 1883ರಲ್ಲಿಯೇ ತೋರಿಸಿದ್ದನು.

ಜೆಲಾಟಿನ್ ಪ್ರಾಣಿಗಳ ಚರ್ಮ-ಎಲುಬುಗಳಿಂದ ಬರುವ ವಸ್ತು. ಆದುದರಿಂದ ನಮ್ಮ ಮನೆಗಳಲ್ಲಿ ಕಡಲ ಪಾಚಿಯಿಂದ ತಯಾರಾಗುವ ಅಗರ್, ಎಂದರೆ ಚೈನಾ ಗ್ರಾಸ್ ಬಳಸಿ ನೋಡಬಹುದು. ಪ್ರಯೋಗಾಲಯಗಳಲ್ಲಿಯೂ ಅಗರ್‌ನಿಂದ ಪಡೆದ ಅಗರೋಸ್‌ನಲ್ಲಿ ಇಂಥ ಕಾಲುವೆಗಳನ್ನು ರಚಿಸುವುದುಂಟು.

ಇನ್ನೂ ಸುಲಭವಾದುದು ಕಾಗದದ ಪ್ರಯೋಗ. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡವು 2007ರಲ್ಲಿ ಕಾಗದದ ತುಣುಕಿನಲ್ಲಿ ಸಕ್ಕರೆ ಮತ್ತು ಪ್ರೋಟೀನುಗಳ ಪರೀಕ್ಷೆಯನ್ನು ಸಾಧಿಸಿತು. ಸೋಸುವ ಕಾಗದದ ಮೇಲೆ ಮೇಣದ ಬಳಪದಿಂದ ಎರಡು ದಪ್ಪ ಗೆರೆ ಎಳೆಯಿರಿ. ಹಿರಿಯರೊಬ್ಬರು ಅದನ್ನು ಬೇರೆ ಕಾಗದಗಳ ನಡುವೆ ಇಟ್ಟು ಇಸ್ತ್ರಿಯಿಂದ ಬಿಸಿಮಾಡಲಿ. ಮೇಣ ಒಳಗಿಳಿದು ನೀರಿಗೆ ದಡವಾಗುತ್ತದೆ. ಕಾಲುವೆಯ ಒಂದು ತುದಿಗೆ ಅರಿಸಿನದ ನೀರು ಹಚ್ಚಿ ಒಣಗಿಸಿ, ಮತ್ತೊಂದು ತುದಿಯನ್ನು ಸಾಬೂನು ನೀರಿನಲ್ಲಿ ಅದ್ದಿರಿ. ನೀರು ತಾನಾಗಿ ಸಾಗಿ ಹಳದಿಯನ್ನು ಕೆಂಪಾಗಿಸುವುದು, ಕ್ಷಾರದ ಗುರುತದು.

ತಾಯಂದಿರೇ, ಮಕ್ಕಳು ಅಡುಗೆಮನೆಯ ತಟ್ಟೆ, ಅರಿಸಿನಗಳನ್ನು ಕೇಳಿದಾಗ "ಓದುವುದನ್ನು ಬಿಟ್ಟು ಇದೇನು?" ಎಂದು ಗದರದಿರಿ. ಹೆಣ್ಣುಮಕ್ಕಳನ್ನಂತೂ ಪಾತ್ರೆ ತೊಳೆಯುವುದಕ್ಕಷ್ಟೇ ಅಲ್ಲಿಗೆ ಕರೆಯದಿರಿ. ನಮ್ಮ ವಿದ್ಯಾಸಂಸ್ಥೆಗಳ, ಪ್ರಸಾದ ನಿಲಯಗಳ ಹಿರಿಯರು ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಕೈ ಮುಟ್ಟಿ ಕಂಡ ಸತ್ಯ ಪರೀಕ್ಷೆಯೊಡನೆ ಮರೆಯಾಗದು. ಪ್ರಶ್ನಿಸಿ ಅರಿಯುವ ಮಕ್ಕಳೇ ಶರಣ ಪರಂಪರೆಯ ನಿಜವಾದ ವಾರಸುದಾರರು.